ಸೊನ್ನೆ

ಶೀಗಿ ಹುಣ್ಣಿಮೆ ದಾಟಿತು. ನಸುಕಿನಲ್ಲಿ ಕಿಟಕಿಯ ಸರಳು ಮುಟ್ಟಿದರೆ
ಬೆರಳು ತಾನೇ ಹಿಂದೆ ಸರಿಯುತ್ತದೆ.
ಬೀದರಿನ ಥಂಡಿ ಹೇಳಿ ಬರುವುದಿಲ್ಲ,
ಕೆಂಪು ಕಲ್ಲಿನೊಳಗೆ ಮೊದಲೇ ಬಂದು ಕೂತಿರುತ್ತದೆ.

ಮಾಳಿಗೆಯಿಂದ ತಾಮ್ರದ ಬಂಬು ಇಳಿಸಿದೆವು,
ನಾನೊಂದು ಕಿವಿ, ಅವರೊಂದು ಕಿವಿ ಹಿಡಿದು.
ನಡುವಿನ ಕೊಳವೆಗೆ ಕೋಲು ಹಾಕಿ ಕೆದರಿದರೆ
ಹೋದ ಮಾಘದ ಬೂದಿ,
ಅರ್ಧ ಸುಟ್ಟ ತೊಗರಿಕಟ್ಟಿಗೆ,
ಗುಬ್ಬಿ ತಂದಿಟ್ಟ ತೆಂಗಿನ ನಾರು.
ನಲ್ಲಿಯ ವಾಶರ್ ಸವೆದಿತ್ತು.
ಸೈಕಲ್ ಟ್ಯೂಬ್ ಕತ್ತರಿಸಿ ಅವರು ಕೂಡಿಸಿದರು, ಮಾತಾಡದೆ.
ಈ ಕೆಲಸದಲ್ಲಿ ಅವರದು ಮಾತು ಕಡಿಮೆ.

ಒಳಗೆಲ್ಲ ಬೋರಿನ ನೀರಿನ ಬಿಳಿ ಹಕ್ಕಳೆ.
ಮೂರು ದಿನದ ಹುಳಿ ಮಜ್ಜಿಗೆ ಸುರುವಿ ರಾತ್ರಿಯಿಡೀ ಬಿಟ್ಟೆ;
ಬೆಳಿಗ್ಗೆ ಸುಟ್ಟ ಹಪ್ಪಳದ ಹಾಗೆ ಮುರಿದು ಬಂತು.

ಹೊರಗಿನದು ಹುಣಸೆಹಣ್ಣಿನ ಕೆಲಸ.
ಕರಿ ಹೋಗಿ ಕಂದು, ಕಂದು ಹೋಗಿ ಕೆಂಪು,
ಕೆಂಪಿನೊಳಗಿಂದ ಚುಕ್ಕೆ ಚುಕ್ಕೆಯಾಗಿ
ಮೊದಲು ಏಳುವುದು ‘ತಿ’.
ಆಮೇಲೆ ‘ಮ’. ನಾನು ಬಲದಿಂದ ಎಡಕ್ಕೆ ತಿಕ್ಕುತ್ತೇನೆ,
ಹತ್ತೊಂಬತ್ತು ವರ್ಷದಿಂದಲೂ,
ಪೂರಾ ಹೆಸರು ಒಮ್ಮೆಗೇ ಎದುರಾಗದಿರಲೆಂದು.

ಸೌ. ಇಂದುಮತಿ.
ತವರಿನವರು ಕೊಟ್ಟದ್ದು, ಇಸವಿಯೂ ಇದೆ.
ಈ ನೀರು ಆಕೆ ಮಿಂದದ್ದು ನಾಲ್ಕೇ ಚಳಿಗಾಲ.

ನಾನು ಬಂದ ಹೊಸತರಲ್ಲಿ ಒಂದು ನಸುಕು
ನೀರು ನೋಡದೆ ಉರಿ ಹಾಕಿದ್ದೆ.
ಅತ್ತೆ ಓಡಿ ಬಂದು ಕೊಳ್ಳಿ ಎಳೆದರು:
“ಮೊದ್ಲ ನೀರು, ಹಿಂದಾಗಡೆ ಬೆಂಕಿ.
ಖಾಲಿ ಬಂಬಿಗಿ ಉರಿ ಹಚ್ಚಿದ್ರ ಬೆಸಗಿ ಬಿಡ್ತದ.
ಇಂದುಗ ಒಮ್ಮೀನೂ ಹೇಳೂದ ಬಂದಿದ್ದಿಲ್ಲ.”
ಸೆರಗಿಗೆ ಕಣ್ಣೊರೆಸಿಕೊಂಡೆ.
ಹೊಗೆಗೆ ಎಂದುಕೊಂಡರು ಎಲ್ಲರೂ.

ಈ ಸಲ ತುಂಬಿಸಿ ನೋಡಿದರೆ ಸೋರುತ್ತಿದೆ.
ಎಲ್ಲಿಂದ, ತಿಳಿಯಲಿಲ್ಲ.
ಒಣ ಬಟ್ಟೆಯಲ್ಲಿ ಒರೆಸಿ, ಜೋಳದ ಹಿಟ್ಟು ಸವರಿ, ಕಾದೆ.
ಒದ್ದೆಯಾದದ್ದು ‘ಇ’ ಪಕ್ಕದ ಸೊನ್ನೆ.

ಶಹಾಗಂಜಿನಿಂದ ಲಾಡ್ಲೆಸಾಬ ಬಂದ,
ತಿದಿ, ಇದ್ದಲಿ, ನವಸಾಗರದ ಪುಡಿ, ಕಿವಿಯ ಮೇಲೊಂದು ಬೀಡಿ.
ಅವನಿಗೆ ನಮ್ಮ ಅಕ್ಷರ ಬರುವುದಿಲ್ಲ.
“ನುಕ್ತಾದಾಗಿಂದ ಸೋರ್ಲತದ ನೋಡ್ರಿ ಬಾಯಿ.
ಬರದಾಂವ ಉಳಿ ಜರಾ ಜೋರ್ ಹೊಡ್ದಾನ.”
ಆಮೇಲೆ, ಅವರತ್ತ ನೋಡದೆ, ನನ್ನತ್ತ ತಿರುಗಿ:
“ಪೂರಾ ಬಡದು ಸಾಫ್ ಮಾಡ್ಲೇನು? ಮ್ಯಾಲ ಪಟ್ಟಿ ಹಾಕಿ
ನಿಮ್ದ ಹೆಸರ ಹೊಡೀತೀನಿ. ನೂರ್ ರೂಪಾಯಿ ಹೆಚ್ಚ, ಬಸ್.”

ಅವರು ನೆಲದ ಮೇಲಿನ ಟ್ಯೂಬಿನ ಚೂರು ಆಯುತ್ತಿದ್ದರು.
ಎಲ್ಲ ಆಯ್ದಾದ ಮೇಲೂ ಆಯುತ್ತಿದ್ದರು.

ಯಾಕೆ ಬೇಡವೆಂದೆನೋ.
ನೂರು ರೂಪಾಯಿ ಇರಬಹುದು.
ಇಲ್ಲವೆ, ಆ ಅಕ್ಷರಗಳ ಅಂಚೆಲ್ಲ ನನ್ನ ಹೆಬ್ಬೆರಳಿಗೆ ಪಾಠವಾಗಿದೆ,
ಈ ವಯಸ್ಸಿನಲ್ಲಿ ಇನ್ನೊಂದು ಹೆಸರು ಯಾರು ಕಲಿಯಬೇಕು,
ಅದು ನನ್ನದೇ ಆದರೂ.

“ತೂತಷ್ಟ ಮುಚ್ಚು” ಅಂದೆ.

ತವರಿನ ಹೆಸರಿಗೆ ತವರದ ಹನಿ.
ಕಡಲೆಯಷ್ಟು, ಸೊನ್ನೆಯ ಮೇಲೆ ಕೂತು
ಬೆಳ್ಳಗೆ ಗಟ್ಟಿಯಾಯಿತು.

ನೀರು ತುಂಬುವ ಹಬ್ಬದ ಸಂಜೆ
ಕೆಮ್ಮಣ್ಣು, ಸುಣ್ಣ, ಕೊರಳಿಗೆ ಹಿಂಡಲಿಕಾಯಿ ಬಳ್ಳಿ.
ಹದಿನೆಂಟು ಕೊಡ ಹಿಡಿಯಿತು. ಒಂದು ಹನಿ ಹೊರಬರಲಿಲ್ಲ.

ನಸುಕಿಗೆ ಹತ್ತಿಕಟ್ಟಿಗೆ ಮುರಿದು ಕೊಳವೆಗೆ ಇಳಿಬಿಟ್ಟೆ.
ಬಚ್ಚಲ ಕತ್ತಲಲ್ಲಿ ಹೆಸರು ಕಾಣಲಿಲ್ಲ,
ಉರಿ ಅಲುಗಿದಾಗೆಲ್ಲ ಆ ಬಿಳಿ ಚುಕ್ಕೆ ಮಾತ್ರ.

“ನೀರ ಕಾದಾವೇನು?” ಹಾಸಿಗೆಯಿಂದ ಕೇಳಿದರು.
ಅಂಗೈ ಇಟ್ಟು ನೋಡಿದೆ, ಹೆಸರಿನ ಮೇಲೆಯೇ.
ಕಾದಿದ್ದವು.
“ತಡೀರಿ” ಅಂದೆ. “ಇವತ್ತ ಮೊದ್ಲ ನಾ ಮೀತೀನಿ.”